ಬಲೆಗೆ ಬೀಳದ ಮೀನನ್ನು ಕಂಡ ಬಗೆ

ಬಲೆಗೆ ಬಿದ್ದದ್ದನ್ನು ನೋಡಿಯೇ ಕಡಲಿನ ಮೀನುಗಳನ್ನು ಗುರುತಿಸುತ್ತಿದ್ದ ಕಾಲವದು. ಗಾರ್ಡನ್ ಈಲ್ ಎಂಬ ಹಾವುಮೀನು ಆ ಕ್ರಮಕ್ಕೆ ಸುಲಭವಾಗಿ ಸಿಗುವಂಥದ್ದಲ್ಲ. ಅದು ಬಿಲ ಬಿಟ್ಟು ಹೊರಬರುವುದೇ ಅಪರೂಪ. ಏನಾದರೂ ಹತ್ತಿರ ಸುಳಿದರೆ ಸಾಕು, ಬಾಲ ಮುಂದಾಗಿ ಮರಳೊಳಗೆ ಇಳಿದುಬಿಡುತ್ತದೆ. ಡಚ್ ವಿಜ್ಞಾನಿ ಪೀಟರ್ ಬ್ಲೀಕರ್ 1868ರಲ್ಲೇ ಈ ಬಳಗದ ಒಂದು ಮೀನಿಗೆ ಹೆಟೆರೊಕಾಂಗರ್ ಎಂಬ ಹೆಸರು ಕೊಟ್ಟಿದ್ದರು. ಸತ್ತ ಮಾದರಿಯಿಂದ ಅದರ ಆಕಾರ ತಿಳಿಯಬಹುದು, ಬದುಕು ತಿಳಿಯದು.

ಅದಕ್ಕೆ ಮನುಷ್ಯನೇ ನೀರಿಗಿಳಿಯಬೇಕಿತ್ತು. ಮುಳುಗುಗಾರಿಕೆಯ ಹೊಸ ಸಲಕರಣೆಗಳು ಆ ದಾರಿ ತೆರೆದವು. ವಿಯೆನ್ನಾದ ಹಾನ್ಸ್ ಹಾಸ್ 1957–58ರಲ್ಲಿ ಕ್ಸಾರಿಫಾ ಎಂಬ ಹಾಯಿಹಡಗಿನಲ್ಲಿ ಮಾಲ್ಡೀವ್ಸ್, ನಿಕೋಬಾರ್ ದ್ವೀಪಗಳತ್ತ ಬಂದರು. ಪ್ರಾಣಿಗಳ ವರ್ತನೆಯನ್ನು ಅಭ್ಯಾಸ ಮಾಡುತ್ತಿದ್ದ ಐಬ್ಲ್-ಐಬೆಸ್‌ಫೆಲ್ಟ್ ಜೊತೆಗಿದ್ದರು. 1959ರಲ್ಲಿ ಐಬ್ಲ್-ಐಬೆಸ್‌ಫೆಲ್ಟ್ ಫ್ರಾಂಕ್‌ಫರ್ಟ್‌ನ ಮೀನುತಜ್ಞ ವೋಲ್ಫ್‌ಗಾಂಗ್ ಕ್ಲೌಸೆವಿಟ್ಸ್ ಜೊತೆ ಸೇರಿ, ಚುಕ್ಕೆಗಳಿರುವ ಗಾರ್ಡನ್ ಈಲ್‌ನ ಒಂದು ಹೊಸ ಜಾತಿಯನ್ನು ವಿವರಿಸಿದರು. ಕುಲಕ್ಕೆ ಹಡಗಿನ ಹೆಸರು, ಜಾತಿಗೆ ಹಾಸ್ ಹೆಸರು. ಮುಂದೆ ಅದನ್ನು ಬ್ಲೀಕರ್ ಹೆಸರಿಸಿದ್ದ ಕುಲಕ್ಕೇ ಸೇರಿಸಿದರು. ಇಂದು ಅದು ಹೆಟೆರೊಕಾಂಗರ್ ಹಸ್ಸಿ.

ಸುಮಾರು 40 ಸೆಂಟಿಮೀಟರ್‌ವರೆಗೆ ಬೆಳೆಯುವ ಈ ಮೀನಿನ ಮೈ ಬೆರಳಿನಷ್ಟೇ ದಪ್ಪ. ಹವಳದ ದಿಬ್ಬಗಳ ಪಕ್ಕದಲ್ಲಿ, ನೀರು ಹರಿದಾಡುವ ಮರಳು ಬಯಲೇ ಇದರ ನೆಲೆ. ಗಟ್ಟಿಯಾದ ಬಾಲದ ತುದಿಯಿಂದ ಬಿಲ ಕೊರೆಯುತ್ತದೆ. ಮೈಯಿಂದ ಒಸರುವ ಲೋಳೆ ಬಿಲದ ಗೋಡೆ ಕುಸಿಯದಂತೆ ಮರಳನ್ನು ಹಿಡಿದಿಡುತ್ತದೆ. ನೂರಾರು ಮೀನುಗಳು ಅರ್ಧ ಮೈ ಮೇಲೆತ್ತಿ, ಹರಿವಿಗೆ ಎದುರಾಗಿ ಮುಖಮಾಡಿ, ಭತ್ತದ ಪೈರಿನಂತೆ ತೂಗುತ್ತಾ ತೇಲಿಬರುವ ಕಿರುಜೀವಿಗಳನ್ನು ಹೆಕ್ಕಿ ತಿನ್ನುತ್ತವೆ. ಹರಿವು ಬಿರುಸಾದರೆ ಮೈ ಬಾಗಿಸಿ, ಬಿಲದೊಳಕ್ಕೆ ಇನ್ನಷ್ಟು ಸರಿಯುತ್ತವೆ. ಇದರಿಂದ ನೀರಿನ ಸೆಳೆತ ತಗ್ಗುತ್ತದೆ. ಜೋಡಿಯಾಗುವಾಗಲೂ ಅಕ್ಕಪಕ್ಕದ ಬಿಲಗಳಿಂದಲೇ ಚಾಚಿ ಮೈ ಹೆಣೆದುಕೊಳ್ಳುತ್ತವೆ. ಮರಿಗಳ ಕಥೆ ಬೇರೆ: ಪಾರದರ್ಶಕ ಎಲೆಯ ಆಕಾರದಲ್ಲಿ ತೆರೆದ ಕಡಲಲ್ಲಿ ತೇಲಿ ಬೆಳೆದ ಮೇಲಷ್ಟೇ ಮರಳು ಸೇರುತ್ತವೆ.

ಇವುಗಳ ಅಂಜುಬುರುಕತನ ತೊಟ್ಟಿಯಲ್ಲೂ ಕಂಡಿತು. 2020ರಲ್ಲಿ ಕೋವಿಡ್‌ನಿಂದ ಟೋಕಿಯೊದ ಸುಮಿದಾ ಅಕ್ವೇರಿಯಂ ಮುಚ್ಚಿದಾಗ, ಅಲ್ಲಿನ ಈ ಮೀನುಗಳು ಮನುಷ್ಯರನ್ನು ಮರೆತವು. ಸಿಬ್ಬಂದಿ ಬಂದರೂ ಅಡಗತೊಡಗಿದ್ದರಿಂದ ಅವುಗಳ ಆರೋಗ್ಯ ನೋಡುವುದೇ ಕಷ್ಟವಾಯಿತು. ಮೇ ತಿಂಗಳಲ್ಲಿ ಅಕ್ವೇರಿಯಂ ತೊಟ್ಟಿಯೆದುರು ಪರದೆಗಳನ್ನಿಟ್ಟು, ವಿಡಿಯೊ ಕರೆ ಮಾಡಿ ಮುಖ ತೋರಿಸಿ, ಕೈ ಬೀಸಿ ಎಂದು ಜನರನ್ನು ಕೋರಿತು.

ಹೆದರಿಸದೆ, ಹಿಡಿಯದೆ, ಅದರ ನೆಲೆಯಲ್ಲೇ ಕಾದು ನೋಡಿದವರಿಗೆ ಈ ಮೀನು ತನ್ನ ಬದುಕನ್ನು ತೋರಿಸಿತು. ಹಾಗೆ ನೋಡಿದಾಗಲೇ, ಬರಿದೆನಿಸುವ ಮರಳ ಬಯಲೂ ಒಂದು ತುಂಬಿದ ಊರೆಂದು ತಿಳಿದದ್ದು. ಹವಳವನ್ನು ಕಾಪಾಡಲು ಹೊರಟವರು ಅದರ ಪಕ್ಕದ ಮರಳನ್ನೂ ಕಾಪಾಡಬೇಕು.