ಒಟ್ಟು ಸರಿ, ಹಂಚಿಕೆ ತಪ್ಪು: ಓಟದ ಶೂಗಳ ಲೆಕ್ಕ ಇಡೋದು ಯಾಕೆ, ಹೇಗೆ?

ಕಳೆದ ವರ್ಷ ಮಳೆಗಾಲದಲ್ಲಿ ನನ್ನ ಬಲಗಾಲಿಗೆ ನೋವು ಶುರುವಾಯ್ತು. ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಒಳಬದಿಯಲ್ಲಿ. ಓಡುವವರು ಇದಕ್ಕೆ ಶಿನ್ ಸ್ಪ್ಲಿಂಟ್ ಅಂತಾರೆ. ಫಿಸಿಯೋ ಹತ್ತಿರ ಹೋದೆ. ಅವರು ಕಾಲು ಮುಟ್ಟುವ ಮೊದಲೇ ಕೇಳಿದ್ದು, “ಈ ಶೂ ಎಷ್ಟು ಕಿಲೋಮೀಟರ್ ಓಡಿದೆ?”

ಹೆಮ್ಮೆಯಿಂದಲೇ ಫೋನ್ ತೋರಿಸಿದೆ. ಆ್ಯಪ್‌ನಲ್ಲಿ 310 ಕಿ.ಮೀ. ಇತ್ತು. ಅವರು ಶೂ ತಿರುಗಿಸಿ, ಸವೆದು ನುಣ್ಣಗಾಗಿದ್ದ ಹಿಮ್ಮಡಿ ನೋಡಿ ನಕ್ಕರು. “ಆ್ಯಪ್ ಸುಳ್ಳು ಹೇಳ್ತಿದೆ, ಇಲ್ಲಾ ನೀವು ಹೇಳ್ತಿದೀರ.”

ಸುಳ್ಳು ನನ್ನದೇ. ಆಗ ನನ್ನ ಹತ್ತಿರ ಎರಡು ಜೊತೆ ಶೂ ಇದ್ದವು. ರಿಯಾಯಿತಿಯಲ್ಲಿ ಸಿಕ್ಕಿತೆಂದು ಎರಡನೇ ಸಲವೂ ಅದೇ ಮಾಡೆಲ್, ಅದೇ ಬಣ್ಣ ತಂದಿದ್ದೆ. ಹೊಸದು ಬಂದ ದಿನ ಆ್ಯಪ್‌ನಲ್ಲಿ ಅದನ್ನೇ ಡೀಫಾಲ್ಟ್ ಮಾಡಿದ್ದೆ. ಆಮೇಲೆ ಯಾವ ಶೂ ಹಾಕಿ ಓಡಿದರೂ ಕಿಲೋಮೀಟರ್ ಹೋಗಿದ್ದು ಹೊಸದರ ಖಾತೆಗೆ. ಹಳೇ ಫೋಟೋ, ಮೆಸೇಜು ಎಲ್ಲ ಹುಡುಕಿ ಲೆಕ್ಕ ಹಾಕಿದಾಗ ಹಳೇ ಜೊತೆ 780ರ ಆಸುಪಾಸಿನಲ್ಲಿತ್ತು. 720 ಅಂತ ತೋರಿಸುತ್ತಿದ್ದ ಹೊಸ ಜೊತೆ ಓಡಿದ್ದು 250 ಅಷ್ಟೇ. ಸರ್ಕಾರಿ ಬಜೆಟ್ ಓದುವ ಅಭ್ಯಾಸ ಇರೋರಿಗೆ ಇದು ಹೊಸದಲ್ಲ. ಒಟ್ಟು ಮೊತ್ತ ಸರಿಯಾಗೇ ಇರುತ್ತೆ, ಯಾವ ಲೆಕ್ಕಶೀರ್ಷಿಕೆಗೆ ಎಷ್ಟು ಹೋಯ್ತು ಅನ್ನೋದರಲ್ಲೇ ಗೋಲ್‌ಮಾಲ್.

ನೋವಿಗೆ ಶೂ ಒಂದೇ ಕಾರಣ ಅನ್ನಲ್ಲ. ಆ ತಿಂಗಳು ವಾರದ ಓಟವನ್ನೂ ಏಕಾಏಕಿ ಹೆಚ್ಚಿಸಿದ್ದೆ. ಆದರೆ ಶೂ ಲೆಕ್ಕ ಸರಿ ಇಲ್ಲದಿದ್ದರೆ ಯಾವುದು ಕಾರಣ ಅಂತ ಹುಡುಕೋಕೂ ಆಗಲ್ಲ.

500 ಕಿ.ಮೀ. ಅಂತ ಹೇಳಿದ್ದು ಯಾರು?

ಓಟದ ಶೂವಿನ ಜೀವ ಇರೋದು ತಳದ ರಬ್ಬರ್‌ಗೂ ನಿಮ್ಮ ಪಾದಕ್ಕೂ ನಡುವಿನ ಫೋಮ್‌ನಲ್ಲಿ. ಅದರೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳಿರುತ್ತವೆ. ಪ್ರತಿ ಹೆಜ್ಜೆಗೂ ಅವು ಒತ್ತಿ, ಮತ್ತೆ ಉಬ್ಬುತ್ತವೆ. ಸಾವಿರಾರು ಸಲ ಹೀಗಾದ ಮೇಲೆ ಪೂರ್ತಿ ಉಬ್ಬೋದು ನಿಲ್ಲುತ್ತೆ. ಮೇಲಿನ ಬಟ್ಟೆ, ಲೇಸು ಎಲ್ಲ ಹೊಸದರಂತೆ ಕಂಡರೂ ಒಳಗಿನ ಫೋಮ್ ಸತ್ತಿರಬಹುದು. ಕಣ್ಣಿಗೆ ಕಾಣಲ್ಲ, ಅದಕ್ಕೇ ಲೆಕ್ಕ ಬೇಕು.

ಎಲ್ಲರೂ ಹೇಳುವ ‘500ರಿಂದ 800 ಕಿ.ಮೀ.’ ಅಮೆರಿಕದವರ 300–500 ಮೈಲಿಯ ಕನ್ನಡಾನುವಾದ. 1985ರಲ್ಲಿ ಅಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಈ ವಿಷಯಕ್ಕೆ ಈಗಲೂ ಉಲ್ಲೇಖಿಸುತ್ತಾರೆ. ಯಂತ್ರದಲ್ಲಿ ‘ಓಡಿಸಿದ’ ಶೂಗಳು ಮೊದಲ 50 ಮೈಲಿಯಲ್ಲೇ ಆಘಾತ ಹೀರುವ ಶಕ್ತಿಯ ಕಾಲು ಭಾಗ ಕಳೆದುಕೊಂಡವು. 250–500 ಮೈಲಿ ಹೊತ್ತಿಗೆ ಉಳಿದಿದ್ದು ಶೇ 60ಕ್ಕಿಂತ ಕಡಿಮೆ. ಆದರೆ ಮನುಷ್ಯರೇ ಓಡಿದ ಶೂಗಳಲ್ಲಿ 500 ಮೈಲಿ ನಂತರವೂ ಸುಮಾರು ಶೇ 70 ಉಳಿದಿತ್ತು. ಅಂದರೆ ದೊಡ್ಡ ಇಳಿಕೆ ಆರಂಭದಲ್ಲೇ ಆಗುತ್ತೆ, ಆಮೇಲೆ ನಿಧಾನ. 500ಕ್ಕೋ 800ಕ್ಕೋ ಹಾಲಿನ ಪ್ಯಾಕೆಟ್ ಮೇಲಿರುವಂಥ ಎಕ್ಸ್‌ಪೈರಿ ಡೇಟ್ ಯಾವುದೂ ಇಲ್ಲ. ನಿಮ್ಮ ತೂಕ, ಕಾಲೂರುವ ರೀತಿ, ಓಡುವ ನೆಲ, ಫೋಮ್‌ನ ಬಗೆ ಎಲ್ಲವೂ ಸೇರಿ ನಿಮ್ಮ ಸಂಖ್ಯೆ ತೀರ್ಮಾನವಾಗುತ್ತೆ. ಆ ಸಂಖ್ಯೆ ಸಿಗೋದು ನಿಮ್ಮ ಲೆಕ್ಕದಿಂದ ಮಾತ್ರ. ಬೇರೆಯವರ ಸಂಖ್ಯೆ ನಂಬಿ ಬದಲಾಯಿಸುತ್ತಾ ಹೋದರೆ ಲಾಭ ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ. 2023ರಲ್ಲಿ ಅಡಿಡಾಸ್ 500 ಡಾಲರ್‌ನ ರೇಸ್ ಶೂ ಒಂದನ್ನು ತಂದಾಗ ಅದು ಒಂದು ಮ್ಯಾರಥಾನ್‌ಗೆ, ಜೊತೆಗೆ ಕಾಲಿಗೆ ಒಗ್ಗಿಸಿಕೊಳ್ಳುವಷ್ಟು ಓಟಕ್ಕೆ ಅಂತ ಕಂಪನಿಯೇ ಹೇಳಿತ್ತು.

ಒಂದಕ್ಕಿಂತ ಹೆಚ್ಚು ಜೊತೆ ಶೋಕಿಯಾ?

ನಾನೂ ಹಾಗೇ ಅಂದುಕೊಂಡಿದ್ದೆ. ಲಕ್ಸೆಂಬರ್ಗ್‌ನ ಸಂಶೋಧಕರು 264 ಹವ್ಯಾಸಿ ಓಟಗಾರರನ್ನು 22 ವಾರ ಗಮನಿಸಿದರು. ಒಂದಕ್ಕಿಂತ ಹೆಚ್ಚು ಬಗೆಯ ಶೂಗಳನ್ನು ಪಾಳಿಯ ಮೇಲೆ ಬಳಸಿದವರಲ್ಲಿ ಗಾಯದ ಅಪಾಯ ಶೇ 39ರಷ್ಟು ಕಡಿಮೆ ಕಂಡಿತು. ಬೇರೆ ಬೇರೆ ಶೂ ಕಾಲಿನ ಬೇರೆ ಬೇರೆ ಭಾಗಕ್ಕೆ ಭಾರ ಹಂಚುತ್ತೆ ಅನ್ನೋದು ಅವರ ಊಹೆ. ಇದು ಗಮನಿಸಿದ ಅಧ್ಯಯನ, ಪ್ರಯೋಗವಲ್ಲ. ಹಾಗಾಗಿ ಶೇ 39ನ್ನು ದೇವರ ವಾಕ್ಯ ಮಾಡಿಕೊಳ್ಳಬೇಡಿ. ಇನ್ನೊಂದು ಮಾತು: ಒಂದೇ ಮಾಡೆಲ್ ಎರಡು ಜೊತೆ ತಂದ ನನ್ನಂಥವರಿಗೆ ಈ ಲಾಭ ಸಿಗಲ್ಲ. ಒದ್ದೆ ಶೂ ಒಣಗೋಕೆ ಒಂದು ದಿನ ಸಿಗುತ್ತೆ ಅನ್ನೋದಷ್ಟೇ ಲಾಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇನೂ ಸಣ್ಣದಲ್ಲ.

ಈಗ ದುಡ್ಡಿನ ವಿಷಯ. ₹6,000ದ ಶೂ 700 ಕಿ.ಮೀ. ಬಾಳಿದರೆ ಕಿಲೋಮೀಟರ್‌ಗೆ ಸುಮಾರು ₹8.60. ಒಂದಾದ ಮೇಲೊಂದು ಮೂರು ಜೊತೆ ಸವೆಸಿದರೂ ಅಷ್ಟೇ, ಮೂರನ್ನೂ ಪಾಳಿಯಲ್ಲಿ ಸವೆಸಿದರೂ ಅಷ್ಟೇ. ವಾರಕ್ಕೆ 35 ಕಿ.ಮೀ. ಓಡಿದರೆ ಎರಡೂ ಲೆಕ್ಕದಲ್ಲಿ ₹18,000 ಮುಗಿಯೋಕೆ 60 ವಾರ ಬೇಕು. ವ್ಯತ್ಯಾಸ ಇರೋದು ಮೊದಲ ದಿನ ಕೈಯಲ್ಲಿ ಎಷ್ಟು ದುಡ್ಡಿರಬೇಕು ಅನ್ನೋದರಲ್ಲಿ. 2025ರ ಸೆಪ್ಟೆಂಬರ್ 22ರಿಂದ ₹2,500ರವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ಓಡೋಕೆ ಅಂತಲೇ ಮಾಡಿದ ಶೂಗಳಲ್ಲಿ ಹೆಚ್ಚಿನವು ಎರಡನೇ ಸಾಲಿನಲ್ಲೇ ಬೀಳುತ್ತವೆ. ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ವರ್ಷಕ್ಕೆ ಸಿಗೋದು ಒಂದು ಜೊತೆ ಕಪ್ಪು ಶೂ. ಪ್ರಾರ್ಥನೆಗೂ ಅದೇ, ಪಿ.ಟಿ. ಪೀರಿಯಡ್ ಓಟಕ್ಕೂ ಅದೇ. ‘ಪಾಳಿ ಹಾಕಿ’ ಅನ್ನುವ ಸಲಹೆ ಯಾರಿಗೆ ಅನ್ವಯಿಸುತ್ತೆ ಅನ್ನೋದು ನೆನಪಿರಲಿ.

ಕೈ ಬಿಗಿ ಇದ್ದರೆ ಒಂದು ದಾರಿ ಇದೆ. ಎರಡೂ ಜೊತೆ ಒಟ್ಟಿಗೆ ಕೊಳ್ಳಬೇಡಿ. ಮೊದಲನೆಯದು 300–350 ದಾಟಿದಾಗ ಬೇರೆ ಮಾಡೆಲ್‌ನ ಎರಡನೆಯದು ತನ್ನಿ. ಆಗ ಎರಡೂ ಒಂದೇ ತಿಂಗಳು ಕೈಕೊಡಲ್ಲ. ಹಳೇದರ ಫೋಮ್ ಎಷ್ಟು ಸೋತಿದೆ ಅಂತ ಹೊಸದು ಹಾಕಿದ ದಿನ ಕಾಲಿಗೇ ಗೊತ್ತಾಗುತ್ತೆ.

ನಾನು ಈಗ ಮಾಡೋದು

ಪ್ರತಿ ಶೂವಿನ ನಾಲಿಗೆಯ ಒಳಬದಿಯಲ್ಲಿ ಮಾರ್ಕರ್‌ನಿಂದ ಅ, ಆ, ಇ. ಎಡ ಬಲ ಎರಡರ ಮೇಲೂ ಬರೀಬೇಕು. ಬೆಳಗಿನ ಐದೂವರೆಗೆ ಕತ್ತಲಲ್ಲಿ ‘ಅ’ದ ಎಡ, ‘ಆ’ದ ಬಲ ಹಾಕಿಕೊಂಡು ಎಂಟು ಕಿಲೋಮೀಟರ್ ಓಡಿ ಬಂದವನ ಮಾತಿದು. ಬಾಗಿಲ ಹತ್ತಿರ ದಾರ ಕಟ್ಟಿದ ಪೆನ್ನು, ನೂರು ಪುಟದ ನೋಟ್‌ಬುಕ್. ತಾರೀಖು, ಅಕ್ಷರ, ಕಿ.ಮೀ., ಕಾಲು ಹೇಗಿದೆ ಅಂತ ಎರಡು ಪದ. ಶೂ ಬಿಚ್ಚುವಾಗಲೇ ಬರೀಬೇಕು, ಸಂಜೆಗೆ ಮರೆತು ಹೋಗುತ್ತೆ. ತಿಂಗಳ ಕೊನೆಗೆ ಮೂರರ ಮೊತ್ತ ಕೂಡಿಸಿ ವಾಚ್ ತೋರಿಸುವ ಒಟ್ಟು ಓಟದ ಜೊತೆ ತಾಳೆ ನೋಡ್ತೀನಿ. ಬಿಟ್ಟುಹೋದ ಓಟ ಸಿಗುತ್ತೆ, ಆದರೆ ತಪ್ಪು ಶೂಗೆ ಬರೆದಿದ್ದರೆ ಈ ತಾಳೆಯಿಂದಲೂ ಸಿಗಲ್ಲ. ಮಾರ್ಕೆಟ್ಟಿಗೆ ನಡೆದ ಕಿಲೋಮೀಟರೂ ಶೂ ಪಾಲಿಗೆ ಕಿಲೋಮೀಟರೇ. ಅದಕ್ಕೆ ಚಪ್ಪಲಿ ಹಾಕ್ಕೊಳ್ಳಿ.

ಆ್ಯಪ್ ಬೇಡವೇ ಬೇಡ ಅಂತಲ್ಲ. ಅದರಲ್ಲಿ ಪ್ರತಿ ಓಟದ ಕೊನೆಗೆ ಶೂ ಆರಿಸೋದು ಮರೆಯದಿದ್ದರೆ ಸಾಕು. ಆದರೆ ಶೂ ಲೆಕ್ಕದ ಜೊತೆ ನಿಮ್ಮ ಮನೆಯಿಂದ ಹೊರಡುವ ಹೊತ್ತು, ದಾರಿ ಎಲ್ಲವನ್ನೂ ಕೊಡ್ತಿದೀರ. 2018ರ ಜನವರಿಯಲ್ಲಿ ಸ್ಟ್ರಾವಾದ ಜಾಗತಿಕ ಹೀಟ್‌ಮ್ಯಾಪ್‌ನಲ್ಲಿ ಸೈನಿಕರ ಓಟದ ದಾರಿಗಳಿಂದ ಸೇನಾ ನೆಲೆಗಳ ನಕ್ಷೆಯೇ ಬಯಲಾಗಿತ್ತು. ಶುರು ಮತ್ತು ಕೊನೆಯ ಜಾಗ ಮರೆಮಾಡುವ ಸೆಟ್ಟಿಂಗ್ ಇದ್ದರೆ ಇವತ್ತೇ ಆನ್ ಮಾಡಿ.

ಯಾವಾಗ ನಿಲ್ಲಿಸೋದು? 500 ದಾಟಿದ ಮೇಲೆ ‘ಎರಡು ಪದ’ದ ಕಾಲಂ ಗಮನಿಸ್ತೀನಿ. ಒಂದೇ ಅಕ್ಷರದ ಮುಂದೆ ಮೂರು ಸಲ ‘ಮೂಳೆ ನೋವು’ ಬಂದು, ಬೇರೆ ಅಕ್ಷರದ ಮುಂದೆ ಬರದಿದ್ದರೆ ಅದಕ್ಕೆ ನಿವೃತ್ತಿ. ನಿವೃತ್ತಿ ಅಂದರೆ ಕಸದ ಬುಟ್ಟಿಯಲ್ಲ. ಒಂದು ಜೊತೆ ಓಟದ ಶೂ ತಯಾರಾಗೋಕೆ 65 ಭಾಗ, 360 ಹಂತ, ಅದರ ಪಾಲಿಗೆ ಸುಮಾರು 14 ಕಿಲೋ ಇಂಗಾಲದ ಡೈಆಕ್ಸೈಡ್ ಅಂತ ಎಂಐಟಿ ಸಂಶೋಧಕರು 2013ರಲ್ಲಿ ಲೆಕ್ಕ ಹಾಕಿದ್ದರು. ಅದರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಕಾರ್ಖಾನೆಯಲ್ಲೇ ಆಗಿರುತ್ತೆ.

ಸದ್ಯಕ್ಕೆ ‘ಅ’ 640, ‘ಆ’ 410, ‘ಇ’ 95. ಹಳೇ 780ರ ಜೊತೆ ಈಗ ಆಫೀಸಿಗೆ ಬರುತ್ತೆ, ಬಸ್ ಸ್ಟಾಪಿನವರೆಗೆ ನಡೆಯೋಕೆ ಇನ್ನೂ ಚೆನ್ನಾಗೇ ಇದೆ.