ವಯಸ್ಸೊಂದೇ ಅಳತೆಯಲ್ಲ: ಹಿರಿಯರ ಉದರ ಶಸ್ತ್ರಚಿಕಿತ್ಸೆ ಮತ್ತು ಚೇತರಿಕೆ



ದರ್ಶನಕ್ಕೆ ಬರುವ ಭಕ್ತರು ನಮ್ಮಲ್ಲಿ ಆಗಾಗ ಕೇಳುವ ಪ್ರಶ್ನೆಯೊಂದಿದೆ: ‘ತಂದೆಯವರಿಗೆ 76 ವರ್ಷ. ಹರ್ನಿಯಾಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ವೈದ್ಯರು ಹೇಳುತ್ತಾರೆ. ಈ ವಯಸ್ಸಿನಲ್ಲಿ ಹೊಟ್ಟೆ ಕೊಯ್ಯಿಸುವುದು ಬೇಕೇ, ಬುದ್ಧಿ?’ ಈ ಮಾತಿನ ಹಿಂದೆ ಪ್ರೀತಿಯೂ ಇದೆ, ಭಯವೂ ಇದೆ. ನಿರ್ಣಯ ಹೇಳಬೇಕಾದವರು ವೈದ್ಯರೇ ಹೊರತು ನಾವಲ್ಲ. ಆದರೆ ಅವರ ಮುಂದೆ ಕುಳಿತಾಗ ಏನನ್ನು ಕೇಳಬೇಕು, ಮನೆಗೆ ಮರಳಿದ ಮೇಲೆ ಏನನ್ನು ಮಾಡಬೇಕು ಎಂಬ ತಿಳಿವಳಿಕೆ ಪ್ರತಿ ಕುಟುಂಬಕ್ಕೂ ಅಗತ್ಯ.

ವಯಸ್ಸು ಏರಿದಂತೆ ಅಪಾಯವೂ ಏರುತ್ತದೆ ಎಂಬುದು ನಿಜ. ಬೇಸಿಗೆಯಲ್ಲಿ ಬಾವಿಯ ಸೆಲೆ ಕುಂದಿದರೂ ದಿನದ ಬಳಕೆಗೆ ನೀರು ಸಾಕಾಗುತ್ತದೆ. ಮನೆಯಲ್ಲಿ ಮದುವೆ ಬಂದಾಗಲೇ ಕೊರತೆ ಕಾಣುವುದು. ಹಿರಿಯರ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ಸ್ಥಿತಿಯೂ ಹೀಗೆಯೇ. ನಿತ್ಯದ ಕೆಲಸಕ್ಕೆ ಸಾಲುವ ಶಕ್ತಿಯಿದ್ದರೂ ಶಸ್ತ್ರಚಿಕಿತ್ಸೆಯಂತಹ ಭಾರ ಬಿದ್ದಾಗ ಒದಗಬೇಕಾದ ಮೀಸಲು ಶಕ್ತಿ ಕಡಿಮೆಯಾಗಿರುತ್ತದೆ.

ಹೊಟ್ಟೆಯ ಗಾಯಕ್ಕೆ ತನ್ನದೇ ಆದ ತೊಂದರೆಗಳಿವೆ. ನೋವಿಗೆ ಹೆದರಿ ರೋಗಿಯು ಆಳವಾಗಿ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ. ಆಗ ಕಫ ಶ್ವಾಸಕೋಶದ ತಳದಲ್ಲಿ ನಿಂತು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಕದಲದೆ ಮಲಗಿದವರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಕೆಲವು ಹಿರಿಯರು ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ಹಗಲು ರಾತ್ರಿಯ ಅರಿವಿಲ್ಲದೆ ಏನೇನೋ ಮಾತನಾಡತೊಡಗುತ್ತಾರೆ. ಇದು ಹುಚ್ಚಲ್ಲ, ಅರಳುಮರಳೂ ಅಲ್ಲ. ಡೆಲಿರಿಯಂ ಎಂಬ ತಾತ್ಕಾಲಿಕ ಗೊಂದಲ. ಇದನ್ನು ಕೂಡಲೇ ವೈದ್ಯರಿಗೆ ತಿಳಿಸಬೇಕು. ಅವರ ಕನ್ನಡಕ, ಶ್ರವಣಯಂತ್ರಗಳನ್ನು ಕೈಗೆಟುಕುವಂತೆ ಇಡುವುದು, ಪರಿಚಿತ ಮುಖವೊಂದು ಸದಾ ಬಳಿಯಲ್ಲಿರುವುದು, ರಾತ್ರಿ ನಿದ್ರೆಗೆ ಭಂಗ ಬಾರದಂತೆ ನೋಡಿಕೊಳ್ಳುವುದು ಬಹಳ ಸಹಾಯಕ.

ಹಾಗೆಂದು ವರ್ಷಗಳ ಲೆಕ್ಕವೊಂದರಿಂದಲೇ ತೀರ್ಮಾನಿಸಲಾಗದು. ಎಪ್ಪತ್ತೈದರಲ್ಲಿಯೂ ಹೊಲಕ್ಕೆ ನಡೆದು ಹೋಗಿಬರುವವರಿದ್ದಾರೆ. ಅದೇ ವಯಸ್ಸಿನಲ್ಲಿ ಕುರ್ಚಿಯಿಂದ ಏಳಲು ಆಸರೆ ಬೇಕಾದವರೂ ಇದ್ದಾರೆ. ಇವರಿಬ್ಬರ ಅಪಾಯ ಒಂದೇ ಅಲ್ಲ. ಕೆನಡಾದ ವೈದ್ಯ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ದುರ್ಬಲತೆಯ ಮಾಪಕವು ಹುಟ್ಟಿದ ವರ್ಷವನ್ನು ಕೇಳುವುದಿಲ್ಲ. ವ್ಯಕ್ತಿಯ ನಡಿಗೆ, ಸ್ನಾನ, ಮನೆಗೆಲಸಗಳು ಎಷ್ಟರಮಟ್ಟಿಗೆ ಸ್ವತಂತ್ರವಾಗಿ ಸಾಗುತ್ತವೆ ಎಂಬುದನ್ನು ನೋಡುತ್ತದೆ. ಆದ್ದರಿಂದ ವೈದ್ಯರಿಗೆ ವಯಸ್ಸನ್ನಷ್ಟೇ ಹೇಳದೆ ಹಿರಿಯರ ದಿನಚರಿಯನ್ನೂ, ಇತ್ತೀಚೆಗೆ ತೂಕ ಇಳಿದಿದ್ದರೆ ಅಥವಾ ಬಿದ್ದಿದ್ದರೆ ಅದನ್ನೂ ತಿಳಿಸಿರಿ.

ವಯಸ್ಸಿಗೆ ಹೆದರಿ ಮುಂದೂಡುವುದರಲ್ಲಿಯೂ ಅಪಾಯವಿದೆ. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು ಅದರ ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಆ ಭಾಗ ಸಾಯತೊಡಗುತ್ತದೆ. ಆಗ ನಡುರಾತ್ರಿಯಲ್ಲಿ ಆಸ್ಪತ್ರೆ ಹುಡುಕಿಕೊಂಡು ಹೋಗಿ ಮಾಡಿಸುವ ತುರ್ತು ಶಸ್ತ್ರಚಿಕಿತ್ಸೆಯ ಅಪಾಯ, ಸಿದ್ಧತೆಯಿಂದ ಮಾಡಿಸುವುದಕ್ಕಿಂತ ಹಲವು ಪಟ್ಟು ಹೆಚ್ಚು. ಹಿರಿಯರಲ್ಲಿ ಹೊಟ್ಟೆಯೊಳಗೆ ಸೋಂಕು ಹರಡಿದ್ದರೂ ಜ್ವರ, ನೋವು ಅಲ್ಪವಾಗಿಯೇ ಇರಬಹುದು. ಹೀಗಾಗಿ ರೋಗ ಗುರುತಿಸುವುದೇ ತಡವಾಗುತ್ತದೆ. ಕೆಲವು ಸಣ್ಣ ಹರ್ನಿಯಾಗಳನ್ನು ಕಾದು ನೋಡುವುದೂ ಸರಿಯೇ. ಆದರೆ ಅದು ವೈದ್ಯರ ಸಲಹೆಯಂತೆ ಆಗಬೇಕು, ನಮ್ಮ ಹಿಂಜರಿಕೆಯಿಂದಲ್ಲ. ತೀರಾ ದುರ್ಬಲರಾದವರಿಗೆ ಶಸ್ತ್ರಚಿಕಿತ್ಸೆ ಬೇಡವೆಂಬುದೂ ಯೋಗ್ಯ ನಿರ್ಧಾರವಾಗಬಹುದು. ಎಲ್ಲಕ್ಕಿಂತ ಮೊದಲು ಆ ಹಿರಿಯರ ಇಚ್ಛೆಯೇನೆಂದು ಅವರನ್ನೇ ಕೇಳಿರಿ.

ಶಸ್ತ್ರಚಿಕಿತ್ಸೆಯ ದಿನ ನಿಗದಿಯಾದರೆ ನಡುವಿನ ವಾರಗಳನ್ನು ವ್ಯರ್ಥಗೊಳಿಸಬಾರದು. ಶಕ್ತಿಗೆ ತಕ್ಕಂತೆ ನಿತ್ಯ ನಡೆಯಬೇಕು, ಆಳವಾದ ಉಸಿರಾಟವನ್ನು ರೂಢಿಸಿಕೊಳ್ಳಬೇಕು. ಬೀಡಿ, ತಂಬಾಕುಗಳನ್ನು ಕನಿಷ್ಠ 4 ವಾರ ಮೊದಲೇ ಬಿಡಬೇಕು. ಸಕ್ಕರೆ ಕಾಯಿಲೆ, ರಕ್ತಹೀನತೆಗಳನ್ನು ಹತೋಟಿಗೆ ತರಬೇಕು. ರಕ್ತ ತೆಳುವಾಗಿಸುವ ಮಾತ್ರೆಗಳೂ ನಾಟಿ ಔಷಧಿಗಳೂ ಸೇರಿದಂತೆ ಸೇವಿಸುವ ಎಲ್ಲವನ್ನೂ ವೈದ್ಯರಿಗೆ ತೋರಿಸಬೇಕು. ತಾವಾಗಿಯೇ ಯಾವುದನ್ನೂ ನಿಲ್ಲಿಸಬಾರದು.

ನಮ್ಮ ಮನೆಗಳಲ್ಲಿ ಹೆಚ್ಚಿನ ತಪ್ಪು ನಡೆಯುವುದು ಶಸ್ತ್ರಚಿಕಿತ್ಸೆಯ ನಂತರ. ಪ್ರೀತಿಯಿಂದಲೇ ‘ಏಳಬೇಡಿ, ಮಲಗಿರಿ’ ಎನ್ನುತ್ತೇವೆ. 1990ರ ದಶಕದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ ಅವರು ಈ ಪದ್ಧತಿಯನ್ನೇ ಪ್ರಶ್ನಿಸಿದರು. ನೋವನ್ನು ಚೆನ್ನಾಗಿ ಶಮನಗೊಳಿಸಿ, ಬೇಗ ಉಣಿಸಿ, ಬೇಗ ನಡೆಸಿದರೆ ರೋಗಿಗಳು ಬೇಗ ಚೇತರಿಸಿಕೊಳ್ಳುವುದನ್ನು ತೋರಿಸಿಕೊಟ್ಟರು. ಆರೋಗ್ಯವಂತ ವೃದ್ಧರೇ 10 ದಿನ ಹಾಸಿಗೆಯಲ್ಲಿದ್ದರೆ ಕಾಲುಗಳ ಮಾಂಸಖಂಡದಲ್ಲಿ ಸುಮಾರು ಒಂದು ಕಿಲೋದಷ್ಟು ಕರಗುತ್ತದೆ. ಆದ್ದರಿಂದ ವೈದ್ಯರು ಅನುಮತಿಸಿದ ಕೂಡಲೇ ಹಿರಿಯರನ್ನು ಕೈಹಿಡಿದು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿರಿ. ಕೆಮ್ಮುವಾಗ ಹೊಟ್ಟೆಯ ಮೇಲೆ ದಿಂಬನ್ನು ಒತ್ತಿ ಹಿಡಿದರೆ ನೋವು ತಗ್ಗುತ್ತದೆ.

ಊಟದ ವಿಷಯದಲ್ಲಿಯೂ ಎಚ್ಚರ ಬೇಕು. ವಾರಗಟ್ಟಲೆ ಬರಿಯ ಗಂಜಿ ಕೊಟ್ಟರೆ ಗಾಯ ಮಾಯಲು ಬೇಕಾದ ಪ್ರೋಟೀನ್ ದೊರೆಯದು. ವೈದ್ಯರು ಒಪ್ಪಿದಂತೆ ಹಾಲು, ಮೊಸರು, ಬೇಳೆಯ ಕಟ್ಟು, ಹೆಸರುಕಾಳು, ಪನೀರ್ ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ನೀಡಬೇಕು. ಸೋಮವಾರದ ಉಪವಾಸ ತಪ್ಪಿತೆಂದು ಕೊರಗುವ ಹಿರಿಯರಿಗೆ ನಾವು ಹೇಳುವುದಿಷ್ಟೇ: ಗಾಯ ಮಾಯುವವರೆಗೆ ಹೊತ್ತಿಗೆ ಸರಿಯಾಗಿ ಉಣ್ಣುವುದೇ ನಿಮ್ಮ ವ್ರತ.

ಜ್ವರ, ಗಾಯದಲ್ಲಿ ಕೀವು, ನಿಲ್ಲದ ವಾಂತಿ, ಒಂದೇ ಕಾಲಿನ ಬಾವು, ಉಸಿರಾಟದ ತೊಂದರೆ, ಹಠಾತ್ ಗೊಂದಲ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದ ಹಿರಿಯರು ಮೊದಲಿನ ಶಕ್ತಿಗೆ ಮರಳಲು 3ರಿಂದ 6 ತಿಂಗಳು ಹಿಡಿಯಬಹುದು. ಕೆಲವರಿಗೆ ಪೂರ್ತಿ ಮರಳದೆಯೂ ಇರಬಹುದು. ‘ಇನ್ನೂ ಏಕೆ ಸುಧಾರಿಸಲಿಲ್ಲ’ ಎಂದು ಅವರನ್ನು ಕೇಳಿ ನೋಯಿಸಬೇಡಿರಿ. ಇಂದು ಅಂಗಳದವರೆಗೆ, ನಾಳೆ ಬೀದಿಯ ತಿರುವಿನವರೆಗೆ ಅವರೊಡನೆ ನಡೆಯಿರಿ. ಅವರಿಗೆ ನೀವು ಸಲ್ಲಿಸಬಹುದಾದ ನಿಜವಾದ ಸೇವೆ ಅದು.