ಹಸು ಕೊಳ್ಳಲು ಹೊರಡುವ ಮುನ್ನ



ನೆಂಟರ ಮನೆಯ ಮದುವೆಗೆಂದರೆ ಎರಡು ದಿನ ಮುಂಚೆಯೇ ಬಟ್ಟೆ ಜೋಡಿಸಿಡುವ ನಾವು, ಲಕ್ಷದ ಆಸುಪಾಸು ಬೆಲೆಯ ಹಸು ತರಲು ಹೊರಡುವಾಗ ಮಾತ್ರ ಹೆಗಲ ಮೇಲೆ ಒಂದು ಟವೆಲ್ ಹಾಕಿಕೊಂಡು ಹಾಗೆಯೇ ಬಸ್ಸು ಹತ್ತಿಬಿಡುತ್ತೇವೆ. ರೈತನಿಗೆ ಇದಕ್ಕಿಂತ ದೊಡ್ಡ ವ್ಯವಹಾರದ ಪ್ರಯಾಣ ಬೇರೆ ಯಾವುದಿದೆ? ಬೇಲೂರು ಸೀಮೆಯಿಂದ ಒಳ್ಳೆಯ ಮಿಶ್ರತಳಿ ಹಸು ಹುಡುಕಿಕೊಂಡು ಕೋಲಾರ, ಚಿಂತಾಮಣಿಯ ಕಡೆಗೆ ಹೋಗುವವರಿದ್ದಾರೆ. ಹಾಸನ, ಬೆಂಗಳೂರು ದಾಟಿ ಹೋಗುವ ದಾರಿ ಸುಮಾರು 300 ಕಿ.ಮೀ. ಅಷ್ಟು ದೂರ ಹೋಗಿ ಮೋಸ ಹೋದರೆ ಮತ್ತೆ ಹಿಂದಿರುಗಿ ಜಗಳವಾಡುವುದು ಸಾಧ್ಯವಿಲ್ಲ. ಆದ್ದರಿಂದ ಹೊರಡುವ ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆಯನ್ನು ಇಲ್ಲಿ ತಿಳಿಸುತ್ತಿದ್ದೇನೆ.

ಮೊದಲನೆಯ ಮಾತು ಇದು: ಒಂದು ದಿನದ ಲೆಕ್ಕದಲ್ಲಿ ಹೊರಡಬೇಡಿ. ಹಸುವಿನ ಹಾಲನ್ನು ಮೂರು ಹೊತ್ತು ಕಣ್ಣಾರೆ ಕರೆಸಿ ನೋಡಬೇಕು. ಮೊದಲ ಹೊತ್ತಿನ ಹಾಲು ಲೆಕ್ಕಕ್ಕಿಲ್ಲ. ಹಿಂದಿನ ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವ ಚಾಳಿ ಎಲ್ಲ ಕಡೆಯೂ ಇದೆ. ಮೊದಲ ಸಂಜೆ ನಿಮ್ಮ ಎದುರಿನಲ್ಲೇ ಪೂರ್ತಿ ಹಿಂಡಿಸಿ. ಮರುದಿನ ಬೆಳಿಗ್ಗೆ ಮತ್ತು ಸಂಜೆ ಬಂದ ಹಾಲನ್ನು ಕೂಡಿಸಿದರೆ ಅದು ದಿನದ ನಿಜವಾದ ಇಳುವರಿ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಒಮ್ಮೆ ನಾನೇ ಊರಿನಿಂದ ಗೂಡ್ಸ್ ಗಾಡಿ ಮಾಡಿಕೊಂಡು ಹೋದೆ. ಸಂಜೆ ಹಸು 11 ಲೀಟರ್ ಕೊಟ್ಟಿತು. ಗಾಡಿಯವರು ಹೊತ್ತಾಯಿತೆಂದು ಅವಸರ ಮಾಡುತ್ತಿದ್ದರು, ಕಾಯುವ ಬಾಡಿಗೆ ಏರುತ್ತಿತ್ತು. ಹಣ ಕೊಟ್ಟು ಹತ್ತಿಸಿಕೊಂಡು ಬಂದೆ. ಪ್ರಯಾಣದ ಆಯಾಸಕ್ಕೆ ಹಾಲು ಕೆಲವು ದಿನ ಕಡಿಮೆಯಾಗುವುದು ಸಹಜ ಎಂದು ಹದಿನೈದು ದಿನ ಕಾದೆ. ಹೊತ್ತಿಗೆ ಆರು ಲೀಟರ್ ದಾಟಲಿಲ್ಲ. ಸಾಲದ ಕಂತು ಮಾತ್ರ 11 ಲೀಟರಿನ ಲೆಕ್ಕದಲ್ಲೇ ಕಟ್ಟಬೇಕಾಯಿತು. ಊರಿನಿಂದಲೇ ಗಾಡಿ ತೆಗೆದುಕೊಂಡು ಹೋಗುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು ಎಂಬುದು ನನ್ನ ಅಭಿಪ್ರಾಯ. ಬಂದ ಗಾಡಿ ಖಾಲಿ ಹೋಗಬಾರದೆಂಬ ಸಂಕೋಚದಲ್ಲೇ ಅರ್ಧ ವ್ಯಾಪಾರ ಕೆಟ್ಟುಹೋಗುತ್ತದೆ. ಹೋಗುವಾಗ ಬಸ್ಸಿನಲ್ಲಿ ಹೋಗಿ. ಗಾಡಿಯವರಿಗೆ ಮೊದಲೇ ಫೋನ್ ಮಾಡಿ ತಿಳಿಸಿಟ್ಟಿದ್ದು, ಮೂರನೆಯ ಹೊತ್ತಿನ ಹಾಲು ನೋಡಿದ ಮೇಲೆ ಕರೆಸಿ.

ಹಾಗಾದರೆ ಲೆಕ್ಕ ಹೀಗಾಗುತ್ತದೆ. ಮನೆಯಲ್ಲಿ ಬೆಳಗಿನ ಹಾಲು ಬೇಗ ಕರೆದು ಹೊರಟರೆ ಸಂಜೆ ಕರೆಯುವ ಹೊತ್ತಿಗೆ ಅಲ್ಲಿರಬಹುದು. ಮರುದಿನ ಅಲ್ಲೇ. ಮರುದಿನ ಸಂಜೆ ಹಾಲು ಕರೆಸಿ ಹಸುವನ್ನು ಹತ್ತಿಸಿದರೆ, ರಾತ್ರಿಯ ತಂಪಿನಲ್ಲಿ ಬಂದು ಮೂರನೆಯ ದಿನ ಬೆಳಿಗ್ಗೆ ಊರು ಸೇರುತ್ತೀರಿ. ಅಂದರೆ ನಿಮ್ಮ ಕೊಟ್ಟಿಗೆಯಲ್ಲಿ ನಾಲ್ಕು ಹೊತ್ತು ನೀವಿರುವುದಿಲ್ಲ.

ಈ ನಾಲ್ಕು ಹೊತ್ತಿನ ಏರ್ಪಾಟನ್ನು ಚೀಲ ಕಟ್ಟುವುದಕ್ಕಿಂತ ಮೊದಲು ಮಾಡಬೇಕು. ಹೊಸ ಕೈ ಬಿದ್ದರೆ ಹಸು ಹಾಲನ್ನು ಬಿಗಿಹಿಡಿಯುತ್ತದೆ. ಉಳಿದ ಹಾಲಿನಿಂದ ಕೆಚ್ಚಲು ಬಾವು ಬರುವ ಸಂಭವವೂ ಇದೆ. ಆದ್ದರಿಂದ ನಿಮ್ಮ ಬದಲು ಕರೆಯುವವರನ್ನು ಎರಡು ದಿನ ಮುಂಚಿನಿಂದಲೇ ಜೊತೆಗೆ ಕೂರಿಸಿಕೊಂಡು ಕರೆಸಿ. ಪಶು ಆಹಾರವನ್ನು ಹೊತ್ತಿಗಿಷ್ಟು ಎಂದು ಬೇರೆ ಬೇರೆ ಕಟ್ಟಿಡಿ. ಗರ್ಭಧಾರಣೆ ಮಾಡಿಸಿದ ದಿನಾಂಕವನ್ನು ನೋಡಿಕೊಳ್ಳಿ. ನೀವಿಲ್ಲದ ದಿನಗಳಲ್ಲೇ 21ನೆಯ ದಿನ ಬೀಳುವಂತಿದ್ದರೆ, ಹಸು ಮತ್ತೆ ಬೆದೆಗೆ ಬಂದಿದೆಯೇ ಎಂದು ನೋಡುವವರಿಗೆ ಹೇಳಿಹೋಗಿ; ಕರು ಹಾಕುವ ದಿನ ಹತ್ತಿರವಿದ್ದರೆ ಪ್ರಯಾಣವನ್ನೇ ಮುಂದೂಡಿ. ಡೈರಿಗೆ ಹಾಲು ಯಾರು ತರುತ್ತಾರೆಂಬುದನ್ನು ಸಂಘದ ಕಾರ್ಯದರ್ಶಿಯವರಿಗೆ ತಿಳಿಸಿ, ಪಾಸ್ ಪುಸ್ತಕ ಅವರ ಕೈಗೇ ಕೊಡಿ. ಆಲೂಗೆಡ್ಡೆ ಬಿತ್ತನೆಯ ವಾರದಲ್ಲೋ, ಕಾಫಿ ಕೊಯ್ಲಿನ ನಡುವೆಯೋ ಹೊರಟರೆ ಯಾರೂ ಸಿಗುವುದಿಲ್ಲವೆಂಬುದು ನಿಮಗೆ ಗೊತ್ತೇ ಇದೆ.

ಜೊತೆಗೆ ಯಾರು? ಹೆಚ್ಚಿನ ಮನೆಗಳಲ್ಲಿ ಹಾಲು ಕರೆಯುವುದು ಹೆಂಗಸರು, ಹಸು ಕೊಳ್ಳಲು ಹೋಗುವುದು ಗಂಡಸರು. ಇದು ಸರಿಯಲ್ಲ. ಮೊಲೆತೊಟ್ಟು ಮುಟ್ಟಿದ ಕೂಡಲೆ ಗಟ್ಟಿಯೇ, ಮೆದುವೇ, ಹಸು ಒದೆಯುತ್ತದೆಯೇ ಎಂದು ತಿಳಿಯುವುದು ಅವರಿಗೆ. ಮನೆಯಾಕೆಯನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಖರ್ಚೂ ಇಲ್ಲ. ಆಧಾರ್ ಕಾರ್ಡ್ ಮರೆಯದಿದ್ದರೆ ಸಾಕು.

ಇನ್ನು ಚೀಲ. ಹೆಗಲಿಗೆ ಹಾಕುವ ಒಂದೇ ಚೀಲ ಇರಲಿ, ಏಕೆಂದರೆ ಬರುವಾಗ ಕೈಯಲ್ಲಿ ಹಗ್ಗ ಇರುತ್ತದೆ. ಕಣ್ಣಿ ಬಿಚ್ಚಿಟ್ಟುಕೊಂಡು ಬರಿಗೊರಳಿನ ಹಸು ಕೊಡುವ ರೂಢಿ ಕೆಲವು ಕಡೆ ಇದೆ. ಆದ್ದರಿಂದ ಗಟ್ಟಿಯಾದ ಹತ್ತಿ ಅಥವಾ ನಾರಿನ ಹಗ್ಗ, ಕಣ್ಣಿ ನಿಮ್ಮದೇ ಇರಲಿ. ನೈಲಾನ್ ಬೇಡ, ಕುತ್ತಿಗೆ ಉಜ್ಜಿ ಗಾಯವಾಗುತ್ತದೆ. 25 ಕೆ.ಜಿ. ತೂಗುವ ಸಣ್ಣ ಸ್ಪ್ರಿಂಗ್ ತಕ್ಕಡಿ ಇಟ್ಟುಕೊಳ್ಳಿ. ಬಕೆಟ್ ಅವರದೇ ಆಗಲಿ, ಖಾಲಿ ಬಕೆಟ್ ತೂಗಿ ನಂತರ ಹಾಲು ತೂಗಿ. 10 ಲೀಟರ್ ಹಾಲು ಸುಮಾರು 10 ಕೆ.ಜಿ. 300 ಗ್ರಾಂ ತೂಗುತ್ತದೆ. ನೊರೆ ನೋಡಿ ಲೀಟರ್ ಹೇಳುವವರ ಮಾತು ಬೇಡ. ಒಂದು ಕಪ್ಪು ಬಟ್ಟೆಯ ತುಂಡು ಅಗತ್ಯವಾಗಿ ಬೇಕು. ನಾಲ್ಕೂ ಮೊಲೆಯ ಮೊದಲ ಎರಡು ಮೂರು ಧಾರೆಯನ್ನು ಅದರ ಮೇಲೆ ಹಿಂಡಿದರೆ ಗರಣೆ, ನೀರು, ರಕ್ತದ ಎಳೆ ಎದ್ದು ಕಾಣುತ್ತವೆ. ಕಣ್ಣಿಗೆ ಕಾಣದ ಕೆಚ್ಚಲು ಬಾವಿಗೆ ಅಲ್ಲಿಯ ಪಶುವೈದ್ಯರಿಂದಲೇ ಪರೀಕ್ಷೆ ಮಾಡಿಸಬೇಕು. ಕಂದು ರೋಗಕ್ಕೆ ರಕ್ತಪರೀಕ್ಷೆಯೂ ಆಗಲಿ. ಒಂದು ಬ್ಯಾಟರಿ, ಒಂದು ನೋಟ್ ಪುಸ್ತಕ, ಒಂದು ಜೊತೆ ಬಟ್ಟೆ, ಫೋನಿನ ಚಾರ್ಜರ್, ಎರಡು ಖಾಲಿ ಗೋಣಿಚೀಲ. ಈ ಗೋಣಿಚೀಲ ಏಕೆಂದರೆ, ಹಸು ಅಲ್ಲಿ ತಿನ್ನುತ್ತಿದ್ದ ಹಿಂಡಿಯನ್ನೇ ನಾಲ್ಕೈದು ದಿನಕ್ಕಾಗುವಷ್ಟು ಕೇಳಿ ತಂದು, ನಿಧಾನವಾಗಿ ನಮ್ಮ ಆಹಾರಕ್ಕೆ ಬದಲಿಸಬೇಕು. ಒಮ್ಮೆಲೇ ಬದಲಿಸಿದರೆ ಹೊಟ್ಟೆ ಕೆಡುತ್ತದೆ.

ಹಣವನ್ನು ಚೀಲದಲ್ಲಿ ಹೊರುವ ಕಾಲ ಹೋಯಿತು. ಮುಂಗಡಕ್ಕೆ ಬೇಕಾದಷ್ಟು ನಗದು ಸಾಕು, ಉಳಿದದ್ದು ಮೂರನೆಯ ಹೊತ್ತಿನ ನಂತರ ಖಾತೆಗೆ. ಆದರೆ ಫೋನಿನ ಮೂಲಕ ಕಳಿಸಲು ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷ ರೂಪಾಯಿಯ ಮಿತಿ ಇರುತ್ತದೆ, ಕೆಲವು ಬ್ಯಾಂಕುಗಳಲ್ಲಿ ಇನ್ನೂ ಕಡಿಮೆ. ಹೊರಡುವ ಮುಂಚೆ ಬ್ಯಾಂಕಿನಲ್ಲಿ ವಿಚಾರಿಸಿ.

ಸಾಧ್ಯವಾದರೆ ಸಂತೆಗಿಂತ ಊರೊಳಗೆ, ಮನೆಯಲ್ಲೇ ಕೊಳ್ಳಿ. ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ದಲ್ಲಾಳಿಗಳು ಮುಗಿಸುವ ವ್ಯಾಪಾರದಲ್ಲಿ ನಮಗೆ ತಿಳಿಯುವುದು ಬೆಲೆ ಮಾತ್ರ. ಮನೆಯಲ್ಲಾದರೆ ಅವರೂ ನಮ್ಮಂತೆ ಡೈರಿಗೆ ಹಾಲು ಹಾಕುವವರೇ. ಪಾಸ್ ಪುಸ್ತಕ ತೋರಿಸಿ ಎಂದು ಕೇಳಬಹುದು. ಕೊಟ್ಟಿಗೆಯಲ್ಲಿರುವ ಹಸುಗಳ ಎಣಿಕೆಗೂ ಪುಸ್ತಕದ ಲೀಟರಿಗೂ ತಾಳೆ ಹಾಕಿದರೆ ಬಹಳಷ್ಟು ವಿಷಯ ಹೊರಬೀಳುತ್ತದೆ. ಕಿವಿಯೋಲೆಯ 12 ಅಂಕಿಯ ಸಂಖ್ಯೆಯನ್ನು ಬರೆದುಕೊಂಡು ಅಲ್ಲಿಯ ಪಶುವೈದ್ಯರ ಬಳಿ ಹೋಗಿ. ಲಸಿಕೆ, ಗರ್ಭಧಾರಣೆಯ ದಾಖಲೆ ಆಗಿದ್ದರೆ ಅದರಲ್ಲಿ ಸಿಗುತ್ತದೆ. ಕಾಲುಬಾಯಿ ಲಸಿಕೆ ಆರು ತಿಂಗಳೊಳಗೆ ಆಗಿರಬೇಕು.

ಅದೇ ವೈದ್ಯರಿಂದ ಹಸು ಪ್ರಯಾಣಕ್ಕೆ ಯೋಗ್ಯವೆಂಬ ಪ್ರಮಾಣಪತ್ರ ಪಡೆಯಿರಿ. ಮಾರಿದವರ ಸಹಿ ಇರುವ ಖರೀದಿ ರಸೀದಿಯೂ ಬೇಕು. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ದಾರಿಯಲ್ಲಿ ಕಾಗದ ಕೇಳುತ್ತಾರೆ. ಬೇರೇನು ಪತ್ರ ಬೇಕೆಂದು ಅಲ್ಲೇ ಕೇಳಿ ಮಾಡಿಸಿಕೊಳ್ಳಿ. ಗಾಡಿಯ ನೆಲಕ್ಕೆ ಮರಳು, ಹುಲ್ಲು ಅಥವಾ ನಾರಿನ ಚಾಪೆ ಹಾಸಿಸಿ, ಹಸುವಿನ ಮುಖ ಎಂಜಿನ್ ಕಡೆಗಿರಲಿ. ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ತುಂಬಬಾರದೆಂದು 1978ರ ಸಾಗಾಣಿಕೆ ನಿಯಮವೇ ಹೇಳುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಿ. ದಾರಿಯಲ್ಲಿ ಹಸುವಿಗೆ ತೊಂದರೆಯಾದರೆ 1962ಕ್ಕೆ ಕರೆ ಮಾಡಿ.

ಊರು ಸೇರಿದ ಕೂಡಲೆ ಹೊಸ ಹಸುವನ್ನು ಹಳೆಯವುಗಳ ಜೊತೆ ಕಟ್ಟಬೇಡಿ. 21 ದಿನ ಬೇರೆ ಜಾಗದಲ್ಲಿರಲಿ, ಅದನ್ನು ಕರೆಯುವುದು ಕೊನೆಯಲ್ಲಾಗಲಿ. ನೀವೂ ಚಪ್ಪಲಿ ತೊಳೆದು, ಬಟ್ಟೆ ಬದಲಿಸಿ ಕೊಟ್ಟಿಗೆಗೆ ಹೋಗಿ. ಕಿವಿಯೋಲೆಯ ದಾಖಲೆಯನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಂಡು ಅದೇ ವಾರ ವಿಮೆ ಮಾಡಿಸಿ. ಮೊದಲ 15 ದಿನದೊಳಗೆ ರೋಗದಿಂದ ಸತ್ತರೆ ಪರಿಹಾರವಿಲ್ಲವೆಂಬ ಷರತ್ತು ಹಲವು ಪಾಲಿಸಿಗಳಲ್ಲಿದೆ, ತಡಮಾಡಿದಷ್ಟೂ ಆ 15 ದಿನ ಮುಂದೆ ಹೋಗುತ್ತದೆ.